ಅನಾಕ್ಲೆಯ ಹೆಸರು ಹೇಳಿದವರು

ರಾಣೆಬೆನ್ನೂರಿನ ರುದ್ರಮ್ಮ ಡೆಟ್ರಾಯಿಟಿನ ಆಸ್ಪತ್ರೆಯೊಂದರಲ್ಲಿ ‘ರೂಡಿ’ ಆಗಿ ನಾಲ್ಕು ವರ್ಷ ಕಳೆದಿತ್ತು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಮದುವೆಯ ಮಾತು ಎರಡು ಸಲ ಮುರಿದು ಬಿದ್ದಮೇಲೆ ಮೂರನೆಯದಕ್ಕೆ ಕಾಯದೆ ವಿಮಾನ ಹತ್ತಿದ ಹೆಂಗಸು. ೧೯೬೮ರ ಜನವರಿಯಲ್ಲಿ ಷಿಕಾಗೋದಲ್ಲಿ ಇಳಿದಾಗ ಮೈಮೇಲಿದ್ದದ್ದು ಹತ್ತಿ ಸೀರೆ, ಒಂದು ಶಾಲು. ಹೊರಗಿನ ಗಾಳಿ ಚರ್ಮ ಸುಲಿಯುವಂತಿತ್ತು. ಕರೆದೊಯ್ಯಲು ಬಂದಿದ್ದ ಅಲ್ಲಿನ ಕನ್ನಡದ ಡಾಕ್ಟರ್ ತಿರುಮಲೇಶ್ ತಮ್ಮ ಓವರ್‌ಕೋಟನ್ನೇ ಬಿಚ್ಚಿ ಅವಳಿಗೆ ಹೊದಿಸಿ, ತಾವು ಬರೀ ಸ್ವೆಟರಿನಲ್ಲಿ ಕಾರಿನವರೆಗೆ ಓಡಿದ್ದರು. ಷಿಕಾಗೋ ಪಕ್ಕದ ಲೊಂಬಾರ್ಡಿನ ಅವರ ಮನೆಯಲ್ಲಿ ಹೆಂಡತಿ ಸರಳಾ ಬಿಸಿ ಸಾರು ಬಡಿಸಿದ್ದರು. ಡೆಟ್ರಾಯಿಟಿನ ಕೆಲಸ ಕೊಡಿಸಿದ್ದೂ ಅವರೇ. ಅಂದಿನಿಂದ ರುದ್ರಮ್ಮನಿಗೆ ಅವರು ‘ಅಣ್ಣಾರು’. ಯಾರಾದರೂ ಅವರ ಬಗ್ಗೆ ಕೊಂಕು ನುಡಿದರೆ ಆ ಮನೆಯ ಕಾಫಿಯನ್ನೂ ಅವಳು ಮುಟ್ಟುತ್ತಿರಲಿಲ್ಲ.

ಹೈಲ್ಯಾಂಡ್ ಪಾರ್ಕಿನಲ್ಲಿ ಮಹಡಿಯ ಮೇಲಿನ ಎರಡು ಕೋಣೆಯ ಮನೆ ಅವಳದು. ಅದರಲ್ಲಿ ಅವಳ ಜೊತೆಗಿದ್ದವಳು ಕಾನ್ಸೊಲಾಟ. ಬುರುಂಡಿ ದೇಶದವಳು, ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೆಲಸ ಕಲಿಯುತ್ತಿದ್ದಳು. ಮಧ್ಯ ಆಫ್ರಿಕಾದಲ್ಲಿ ಅಂಥದೊಂದು ದೇಶ ಇದೆ ಎಂಬುದೇ ರುದ್ರಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಅಡುಗೆಮನೆಯಲ್ಲಿ. ಕಾನ್ಸೊಲಾಟ ಕೆಂಪು ಅವರೆಯಂಥ ಕಾಳು ಬೇಯಿಸಿ ಗಟ್ಟಿ ಮುದ್ದೆಯ ಜೊತೆ ತಿನ್ನುವುದನ್ನು ನೋಡಿ ರುದ್ರಮ್ಮ, “ಅಯ್ಯ, ಇದು ನಮ್ಮ ಕಡೀದ ಊಟ!” ಎಂದು ಅದರ ಮೇಲೆ ಒಂದು ಚಮಚ ಖಾರದಪುಡಿ ಉದುರಿಸಿದಳು. ಕಾನ್ಸೊಲಾಟ ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಮಾತಿಗೆ ಬರವಿರಲಿಲ್ಲ.

೧೯೭೨ರ ಮೇ ತಿಂಗಳಲ್ಲಿ ಕಾನ್ಸೊಲಾಟಳ ಮಾತು ನಿಂತುಹೋಯಿತು. ಅವಳ ದೇಶದಲ್ಲಿ ಒಂದು ದಂಗೆ ಎದ್ದಿತ್ತು. ದಂಗೆಕೋರರು ಅಧಿಕಾರದಲ್ಲಿದ್ದ ಟುಟ್ಸಿ ಪಂಗಡದವರನ್ನು ಕೊಂದರು. ಸೈನ್ಯ ದಂಗೆಯನ್ನು ಅಡಗಿಸಿತು. ಅಷ್ಟಕ್ಕೇ ನಿಲ್ಲದೆ, ದಂಗೆಕೋರರ ಪಂಗಡವಾದ ಹೂಟು ಜನರಲ್ಲಿ ನಾಲ್ಕಕ್ಷರ ಕಲಿತವರನ್ನೆಲ್ಲ ಹುಡುಕಿ ಲಾರಿಗೆ ತುಂಬತೊಡಗಿತು. ಮೇಷ್ಟ್ರು, ನರ್ಸು, ಗುಮಾಸ್ತ, ಕಾಲೇಜಿನ ಹುಡುಗರು, ಯಾರೂ ವಾಪಸು ಬರಲಿಲ್ಲ. ಡೆಟ್ರಾಯಿಟಿನ ಪತ್ರಿಕೆಯಲ್ಲಿ ಆ ಸುದ್ದಿ ಒಳಪುಟದ ಮೂಲೆಯಲ್ಲಿ, ಟೈರ್ ಜಾಹೀರಾತಿನ ಕೆಳಗೆ ಬರುತ್ತಿತ್ತು. ಕಾನ್ಸೊಲಾಟ ಹೂಟು; ಅವಳ ಅಣ್ಣ ಅನಾಕ್ಲೆ ಶಾಲಾ ಮೇಷ್ಟ್ರು.

ಅವನು ಬದುಕಿದ್ದಾನೆಂಬ ಸುದ್ದಿ ನದಿಯಾಚೆ, ಕೆನಡಾದ ವಿಂಡ್ಸರ್ ಊರಿನ ಚರ್ಚಿನಿಂದ ಬಂತು. ಆ ಚರ್ಚಿನ ಸನ್ಯಾಸಿನಿ, ಸಿಸ್ಟರ್ ಒಬ್ಬರು, ಬುರುಂಡಿಯ ಮಿಷನ್ ಒಂದರಲ್ಲಿದ್ದರು. ಅನಾಕ್ಲೆಯ ಹೆಂಡತಿ ಮಕ್ಕಳು ಸರೋವರ ದಾಟಿ ಟಾಂಜಾನಿಯಾ ಸೇರಿಕೊಂಡಿದ್ದರು. ಅವನು ಮಾತ್ರ ಕಾಲಿನ ಗಾಯ ಕೀವಾಗಿ, ಮಿಷನ್ನಿನ ಬಡಗಿ ಕೊಟ್ಟಿಗೆಯಲ್ಲಿ ಹಲಗೆಗಳ ಹಿಂದೆ ಮಲಗಿ ದೋಣಿಗಾಗಿ ಕಾಯುತ್ತಿದ್ದ.

ಅದೇ ದಿನಗಳಲ್ಲಿ ತಿರುಮಲೇಶ್ ಬುರುಂಡಿಗೆ ಔಷಧಿ ಕಳಿಸಲು ಹೊರಟಿದ್ದರು. ಹತ್ತು ವರ್ಷದ ಹಿಂದೆ ವಿಶ್ವಸಂಸ್ಥೆಯ ಪರವಾಗಿ ಭಾರತದ ಸೈನ್ಯದ ಡಾಕ್ಟರಾಗಿ ಕಾಂಗೋಕ್ಕೆ ಹೋಗಿ ಬಂದವರು; “ಆಫ್ರಿಕಾ ನಂಗೆ ಗೊತ್ತು” ಎಂಬುದು ಅವರ ಮಾತು. ರುದ್ರಮ್ಮ ತನ್ನ ಆಸ್ಪತ್ರೆಯಲ್ಲಿ ಎಲ್ಲರನ್ನೂ ಕಾಡಿ ಬೇಡಿ ಔಷಧಿ, ಬ್ಯಾಂಡೇಜು ಒಟ್ಟುಮಾಡಿದ್ದಳು. ಅದನ್ನು ಒಯ್ಯಲು ಅವರೇ ಡ್ರೈವ್ ಮಾಡಿಕೊಂಡು ಬಂದರು. ಊಟಕ್ಕೆ ಕೂತಾಗ ಕಾನ್ಸೊಲಾಟಳನ್ನು ಇಂಗ್ಲಿಷಿನಲ್ಲಿ ಕೇಳಿದರು:

“ನಿಮ್ಮವರು ಯಾರಾದ್ರೂ ಅಲ್ಲಿದಾರೇನಮ್ಮ? ಎಲ್ಲಿದಾರೆ ಅಂತ ಗೊತ್ತಾದ್ರೆ ಬಾಕ್ಸು ಅಲ್ಲಿಗೇ ಹೋಗೋ ಹಾಗೆ ಮಾಡ್ತೀನಿ.”

ಕಾನ್ಸೊಲಾಟ ತಟ್ಟೆ ನೋಡುತ್ತ ಕೂತಳು.

“ಹೇಳವಾ,” ಎಂದಳು ರುದ್ರಮ್ಮ ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲಿ, “ಇವರು ನನಗೆ ಅಣ್ಣ ಇದ್ದ ಹಾಗೆ. ನನ್ನ ಮುಂದೆ ಹೇಳಿದ ಹಾಗೇ ಇವರ ಮುಂದೆ ಹೇಳು,” ಎಂದಳು.

ಕಾನ್ಸೊಲಾಟ ಮೊದಲು ರುದ್ರಮ್ಮನ ಮುಖ ನೋಡಿದಳು. ಆಮೇಲೆ ಹೇಳಿದಳು: ಅಣ್ಣನ ಹೆಸರು, ಮಿಷನ್ನಿನ ಹೆಸರು, ಬಡಗಿ ಕೊಟ್ಟಿಗೆ. ತಿರುಮಲೇಶ್ ಅವಳ ತಲೆ ಸವರಿ, “ಹೆದರ್ಕೋಬೇಡ ಮಗು” ಎಂದು ಎದ್ದರು.

ಜುಲೈನಲ್ಲಿ ಆ ಸಿಸ್ಟರ್ ವಿಂಡ್ಸರಿಗೆ ವಾಪಸು ಬಂದರು. ನದಿಯಡಿಯ ಸುರಂಗದ ಬಸ್ಸು ಹತ್ತಿ ನೇರ ಹೈಲ್ಯಾಂಡ್ ಪಾರ್ಕಿಗೇ ಬಂದರು. ಬಾಗಿಲು ತೆಗೆದ ರುದ್ರಮ್ಮ ಆ ಮುಖ ನೋಡಿಯೇ ಕಾನ್ಸೊಲಾಟಳಿಗೆ ಕುರ್ಚಿ ಎಳೆದು ಹಾಕಿದಳು.

ಸೈನಿಕರು ಮಿಷನ್ನಿಗೆ ಬಂದವರು ಏನನ್ನೂ ಹುಡುಕಲಿಲ್ಲವಂತೆ. ಚರ್ಚಿನೊಳಗೆ ಹೋಗಲಿಲ್ಲ, ಆಸ್ಪತ್ರೆಗೆ ಹೋಗಲಿಲ್ಲ. ನೆಟ್ಟಗೆ ಬಡಗಿ ಕೊಟ್ಟಿಗೆಗೆ ಹೋಗಿ, ಹಲಗೆ ಸರಿಸಿ, ಅನಾಕ್ಲೆಯನ್ನು ಹೆಸರು ಹಿಡಿದು ಕರೆದರಂತೆ. ಲಾರಿ ಹತ್ತಿಸುವಾಗ ಒಬ್ಬ ನಗುತ್ತ, “ಅಮೆರಿಕದಲ್ಲಿರುವ ನಿನ್ನ ತಂಗಿ ಸುಳಿವು ಕೊಟ್ಟಳು” ಎಂದನಂತೆ.

“ಅವನು ನಂಬಿದನೆ?” ಎಂದು ಕೇಳಿದಳು ಕಾನ್ಸೊಲಾಟ.

ಸಿಸ್ಟರ್ ತಮ್ಮ ಚೀಲ ಎತ್ತಿಕೊಂಡು ಎದ್ದರು. ಔಷಧಿಯ ಬಾಕ್ಸುಗಳು ಮಿಷನ್ನಿಗೆ ಬರಲೇ ಇಲ್ಲ, ಅವೆಲ್ಲ ಸೈನ್ಯದ ಗೋದಾಮಿಗೆ ಹೋದವು ಎಂದಷ್ಟೇ ಹೇಳಿದರು.

ಅವರು ಹೋದಮೇಲೆ ಇಬ್ಬರೂ ಕೂತಲ್ಲೇ ಕೂತಿದ್ದರು. ಯಾರು ಹೇಳಿದರೆಂದು ಕಾನ್ಸೊಲಾಟ ಕೇಳುವ ಅಗತ್ಯವಿರಲಿಲ್ಲ. ಆ ಮಾತು ಆಡಿದ್ದು ಇದೇ ಮೇಜಿನ ಮುಂದೆ, ಕೇಳಿಸಿಕೊಂಡವರು ಇಬ್ಬರೇ. ‘ಅಣ್ಣಾರು ಹಂಗ ಮಾಡೂದಿಲ್ಲ’ ಎಂದು ರುದ್ರಮ್ಮನ ಮನಸ್ಸು ಹೇಳುತ್ತಲೇ ಇತ್ತು. ಹೇಳಿದಷ್ಟೂ, ಹೋಗಿ ಅವರನ್ನೇ ಕೇಳಿಬಿಡಬೇಕು ಎನಿಸುತ್ತಿತ್ತು.

ಭಾನುವಾರ ಇಬ್ಬರೂ ರುದ್ರಮ್ಮನ ಕಾರಿನಲ್ಲಿ ಲೊಂಬಾರ್ಡಿಗೆ ಹೊರಟರು. ಸುಮಾರು ಮುನ್ನೂರು ಮೈಲಿಯ ದಾರಿಯಲ್ಲಿ ಕಾನ್ಸೊಲಾಟ ಕಿಟಕಿಯಾಚೆಯ ಜೋಳದ ಹೊಲಗಳನ್ನು ನೋಡುತ್ತ ಕೂತಿದ್ದಳು. ತಿರುಮಲೇಶರ ಮನೆಯ ಮುಂದೆ ಕಾರುಗಳು ಸಾಲಾಗಿ ನಿಂತಿದ್ದವು, ಕನ್ನಡದವರೆಲ್ಲ ಸೇರಿದ್ದರು. ಬಿಸಿಬೇಳೆ ಭಾತಿನ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಬುರುಂಡಿಯ ಸರ್ಕಾರ ತಿರುಮಲೇಶರನ್ನು ಅತಿಥಿಯಾಗಿ ಕರೆದಿದೆ, ಮುಂದಿನ ತಿಂಗಳೇ ಪ್ರಯಾಣ ಎಂದು ಎಲ್ಲರೂ ಅಭಿನಂದಿಸುತ್ತಿದ್ದರು.

“ಓ, ರುದ್ರಮ್ಮ! ಸರಿಯಾದ ಟೈಮಿಗೆ ಬಂದೆ. ತಟ್ಟೆ ತಗೋ,” ಎಂದರು ಅವರು.

“ಊಟ ಬ್ಯಾಡ್ರಿ ಅಣ್ಣಾರ. ಒಂದ ಮಾತು ಕೇಳಿ ಹೋಗ್ತೀನಿ. ಈಕಿ ಅಣ್ಣ ಎಲ್ಲಿ ಅದಾನ ಅಂತ ನೀವು ಯಾರಿಗರೆ ಹೇಳೀರೇನ್ರಿ?”

ಕೋಣೆಯಲ್ಲಿ ಮಾತು ತಗ್ಗಿತು. ತಿರುಮಲೇಶ್ ಕಾನ್ಸೊಲಾಟಳನ್ನು ನೋಡಿದರು, ನಕ್ಕರು. “ಇದೇನು ಎಲ್ಲರ ಮುಂದೆ? ಬಾ, ಬೇಸ್‌ಮೆಂಟಿಗೆ ಹೋಗಿ ಮಾತಾಡೋಣ.”

“ಇಲ್ಲೇ ಹೇಳ್ರಿ. ಹೌದೋ, ಇಲ್ಲೋ, ಅಷ್ಟ.”

“ಇಲ್ಲ. ನಾನ್ಯಾಕೆ ಹೇಳ್ಲಿ? ಅಲ್ಲಿ ಯುದ್ಧ ನಡೀತಿದೆ. ಯಾರು ಯಾರನ್ನ ಹಿಡ್ಕೊಟ್ರೋ ಯಾರಿಗೆ ಗೊತ್ತು.”

ರುದ್ರಮ್ಮನಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಒಂದು ಗಳಿಗೆ ಅವಳು ನಂಬಿದಳು. ನಂಬಿ, ಕಾನ್ಸೊಲಾಟಳ ಕಡೆ ತಿರುಗುವಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಸರಳಾರ ದನಿ ಕೇಳಿಸಿತು.

“ಹೇಳಿದ್ರಲ್ಲಾರೀ.” ಕೈಯಲ್ಲಿ ಸೌಟು ಹಿಡಿದೇ ನಿಂತಿದ್ದರು. “ಆ ಕಾಫಿ ವ್ಯಾಪಾರಿ ಫೋನ್ ಮಾಡಿದಾಗ. ಅವನಿಗೆ ಹೆಸರು ಸರಿಯಾಗಿ ಕೇಳಿಸ್ಲಿಲ್ಲ ಅಂತ ಎ ಫಾರ್ ಆಪಲ್, ಎನ್ ಫಾರ್ ನ್ಯಾನ್ಸಿ ಅಂತ ಒಂದೊಂದಕ್ಷರಾನೂ ಬಿಡಿಸಿ ಹೇಳಿದ್ರಿ. ನಾನು ಇಲ್ಲೇ ತರಕಾರಿ ಹೆಚ್ತಿದ್ದೆ.”

“ಸರಳಾ, ನಿಂಗೆ ಗೊತ್ತಿಲ್ಲದ್ದು…”

“ಏನು ಗೊತ್ತಿಲ್ಲ? ಕಾರ್ಪೆಂಟರ್ ಶೆಡ್ ಅಂತ ಎರಡು ಸಲ ಹೇಳಿದ್ರಿ.”

ಆ ಕಾಫಿ ವ್ಯಾಪಾರಿ ಬುರುಂಡಿಯ ಅಧಿಕಾರಿಗಳಿಗೆ ಬೇಕಾದವನು. ಅವನ ಮಾತಿಲ್ಲದೆ ಬಾಕ್ಸುಗಳು ಆ ದೇಶದೊಳಗೆ ಹೋಗುವಂತಿರಲಿಲ್ಲ. ತಿರುಮಲೇಶರಿಗೆ ಅತಿಥಿಯ ಆಹ್ವಾನ ತಂದುಕೊಟ್ಟವನೂ ಅವನೇ. ಈಗ ಮುಚ್ಚಿಡುವುದು ಉಳಿದಿರಲಿಲ್ಲ. ತಿರುಮಲೇಶರ ದನಿ ಏರಿತು.

“ಹೌದು, ಹೇಳ್ದೆ. ಅವನನ್ನ ಕಾಪಾಡಿ ಅಂತಲೇ ಹೇಳ್ದೆ! ಅವರು ಮಾತು ಕೊಟ್ಟಿದ್ರು. ಒಬ್ಬನ್ನ ಮುಚ್ಚಿಟ್ಕೊಂಡು ಕೂತಿದ್ರೆ ಅಷ್ಟು ಔಷಧಿ ಹೋಗ್ತಿತ್ತಾ? ಎಷ್ಟು ಜನರ ಜೀವ ಉಳೀತು ಯೋಚ್ನೆ ಮಾಡು.”

“ಯಾರ ಜೀವಾ ಉಳೀತ್ರಿ? ಔಷಧ ಹೋಗಿದ್ದು ಸೈನ್ಯದ ಗೋದಾಮಿಗೆ.”

“ಅದು ನನ್ನ ಕೈಲಿಲ್ಲ.”

“ಆಕೀ ಅಣ್ಣನ ಜೀವಾ ನಿಮ್ಮ ಕೈಯಾಗ ಇತ್ತಲ್ರಿ. ನಾನಾ ತಂದು ಇಟ್ಟಿದ್ದೆ.” ರುದ್ರಮ್ಮ ಕಾರಿನ ಕೀಲಿ ಕೈಗೆ ತೆಗೆದುಕೊಂಡಳು. “ನಿಮ್ಮನ್ನ ಅಣ್ಣ ಅಂತ ಕರದಿದ್ದೆ ನಾನು.”

ಇಷ್ಟು ಹೊತ್ತೂ ಒಂದಕ್ಷರ ಅರ್ಥವಾಗದ ಭಾಷೆಯಲ್ಲಿ ನಡೆದ ಈ ಜಗಳವನ್ನು ಕಾನ್ಸೊಲಾಟ ಗೋಡೆಗೆ ಒರಗಿ ನೋಡುತ್ತಿದ್ದಳು. ‘ಆಪಲ್’, ‘ನ್ಯಾನ್ಸಿ’ ಎಂಬುದು ಅವಳಿಗೂ ಅರ್ಥವಾಗಿತ್ತು. ಅವಳು ಯಾರಿಗೂ ಏನೂ ಹೇಳದೆ ಹೊರಗೆ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಬರುವಾಗ ಕೂತಿದ್ದು ಮುಂದೆ, ರುದ್ರಮ್ಮನ ಪಕ್ಕದಲ್ಲಿ.

ಕೋಣೆಯಲ್ಲಿದ್ದವರಲ್ಲಿ ಒಬ್ಬರೂ ರುದ್ರಮ್ಮನ ಜೊತೆ ಬಾಗಿಲವರೆಗೆ ಬರಲಿಲ್ಲ. ವಾರ ಕಳೆಯುವುದರೊಳಗೆ ಡೆಟ್ರಾಯಿಟಿನ ಕನ್ನಡದವರಲ್ಲಿ ಹಿರಿಯರಾದ ಬದರೀನಾಥ ಅಂಕಲ್ ಫೋನ್ ಮಾಡಿ, “ಏನೇ ಇದ್ರೂ ಅವರ ಮನೇಲಿ, ಜನರ ಮುಂದೆ ಹಾಗೆ ಮಾತಾಡಬಾರದಿತ್ತಮ್ಮ. ನಿನಗೆ ಉಪಕಾರ ಮಾಡಿದೋರು,” ಎಂದರು. ತಿರುಮಲೇಶ್ ಗೊತ್ತುಮಾಡಿದ ದಿನವೇ ಬುರುಂಡಿಗೆ ಹೋದರು. ವಾಪಸು ಬಂದು, ಅಲ್ಲಿ ತಮ್ಮನ್ನು ಎಷ್ಟು ಗೌರವದಿಂದ ನೋಡಿಕೊಂಡರೆಂದು ಸ್ಲೈಡುಗಳನ್ನು ತೋರಿಸಿದರಂತೆ. ಜನ ಚಪ್ಪಾಳೆ ತಟ್ಟಿದರಂತೆ. ಸರಳಾ ಆ ದಿನ ತಲೆನೋವೆಂದು ಮಹಡಿಯಿಂದ ಇಳಿಯಲಿಲ್ಲವಂತೆ.

ಕಾನ್ಸೊಲಾಟ ಆಗಸ್ಟಿನಲ್ಲಿ ವಿಂಡ್ಸರಿಗೆ ಹೊರಟಳು. ರುದ್ರಮ್ಮ ಪೆಟ್ಟಿಗೆ ಕಟ್ಟಲು ಕೈ ಹಾಕಿದಾಗ ಅವಳು ಮೆಲ್ಲಗೆ ಆ ಕೈ ಸರಿಸಿದಳು.

“ಆ ಡಾಕ್ಟರ್ ನನಗೆ ಗೊತ್ತಿರಲಿಲ್ಲ, ರೂಡಿ,” ಎಂದಳು. “ನಾನು ನಂಬಿದ್ದು ನಿನ್ನನ್ನು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ವರ್ಷವೆಲ್ಲ ರುದ್ರಮ್ಮ ಅಡುಗೆಮನೆಯ ಆ ಮೇಜಿನ ಮುಂದೆ ಕೂತು ಊಟ ಮಾಡಲಿಲ್ಲ. ತಟ್ಟೆ ಹಿಡಿದು ಕಿಟಕಿಯ ಹತ್ತಿರ ನಿಂತು ತಿನ್ನುತ್ತಿದ್ದಳು. ಕನ್ನಡದವರ ಹಬ್ಬಗಳಿಗೆ ಹೋಗುವುದು ನಿಂತಿತು. ಅವರೂ ಕರೆಯುವುದನ್ನು ನಿಲ್ಲಿಸಿದರು.

ಮೂರು ವರ್ಷವಾದಮೇಲೆ, ಅವಳು ಸ್ಟರ್ಲಿಂಗ್ ಹೈಟ್ಸಿಗೆ ಮನೆ ಬದಲಾಯಿಸಿದ್ದಾಗ, ಒಂದು ಮಧ್ಯಾಹ್ನ ಕಾನ್ಸೊಲಾಟಳ ಫೋನ್ ಬಂತು. ಅನಾಕ್ಲೆಯ ಹೆಂಡತಿ ಟಾಂಜಾನಿಯಾದ ನಿರಾಶ್ರಿತರ ಕ್ಯಾಂಪಿನಲ್ಲಿ ಕಾಲರಾದಿಂದ ತೀರಿಕೊಂಡಿದ್ದಳು. ಇಬ್ಬರು ಮಕ್ಕಳನ್ನು ಚರ್ಚು ಕಳಿಸಿಕೊಡುತ್ತಿದೆ, ವಿಮಾನ ಡೆಟ್ರಾಯಿಟಿಗೆ ಬರುತ್ತದೆ.

“ನನಗೆ ಕಾರು ಬೇಕು,” ಎಂದಳು ಕಾನ್ಸೊಲಾಟ. “ಬೇರೆ ಏನೂ ಬೇಡ.”

ರುದ್ರಮ್ಮ ರಜೆ ಹಾಕಿ ಹೋದಳು. ತಾಯಿಯಿಲ್ಲದ ಆ ಮಕ್ಕಳು ದೊಡ್ಡವರ ಸ್ವೆಟರುಗಳಲ್ಲಿ ಮುಳುಗಿ, ಕೈ ಕೈ ಹಿಡಿದುಕೊಂಡು ಬಂದರು. ಹುಡುಗಿಯ ಹಣೆ ಥೇಟು ಕಾನ್ಸೊಲಾಟಳದೇ. ಕಾನ್ಸೊಲಾಟಳೂ ಮಕ್ಕಳೂ ಮೂವರೂ ಹಿಂದೆ ಕೂತರು; ಅವರ ಭಾಷೆಯ ಮೆಲುಮಾತು ಸುರಂಗದುದ್ದಕ್ಕೂ ರುದ್ರಮ್ಮನಿಗೆ ಕೇಳಿಸುತ್ತಿತ್ತು. ಗಡಿಯಲ್ಲಿ ಕೆನಡಾದ ಅಧಿಕಾರಿ ಕಾಗದ ನೋಡಿ, ಸ್ಟೀರಿಂಗಿನ ಮುಂದೆ ಕೂತವಳನ್ನು ತೋರಿಸಿ ಕೇಳಿದ: “ಈಕೆ ನಿಮಗೆ ಏನಾಗಬೇಕು?”

ಕಾನ್ಸೊಲಾಟ ಕಾಗದ ವಾಪಸು ತೆಗೆದುಕೊಂಡು ಮಡಿಚಿದಳು.

“ಕಾರು ಓಡಿಸುತ್ತಾಳೆ,” ಎಂದಳು.

ರುದ್ರಮ್ಮ ತಲೆಯಾಡಿಸಿ ಗೇರು ಹಾಕಿದಳು. ಮಕ್ಕಳ ಚೀಲಗಳನ್ನು ವಿಂಡ್ಸರಿನ ಮನೆಯ ಮೆಟ್ಟಿಲ ಮೇಲಿಟ್ಟಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಅವಳು ಕಾಯಲೂ ಇಲ್ಲ. ಆಮೇಲೆ ವರ್ಷಕ್ಕೆ ಒಂದೆರಡು ಸಲ, ಮಕ್ಕಳಿಗೆ ಜ್ವರವೋ ಹಲ್ಲುನೋವೋ ಬಂದು ಕಾರು ಬೇಕಾದಾಗ, ಫೋನ್ ಬರುತ್ತಿತ್ತು. ರುದ್ರಮ್ಮ ಹೋಗುತ್ತಿದ್ದಳು.