ಮುಯ್ಯಾಳಿನ ಇಂಗ್ಲಿಷ್

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಉಳಿದಿದ್ದು ಇಂಗ್ಲಿಷ್ ಒಂದೇ. ಅದನ್ನು ಅಕ್ಟೋಬರಿನ ಪರೀಕ್ಷೆಗೆ ಮತ್ತೆ ಕಟ್ಟಿದ್ದೆ. ಪಾಸಾದರೆ ಧಾರವಾಡದ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಬಹುದು, ಅಕ್ಕೋರಾಗಿ ಯಾವುದಾದರೂ ಊರಿನ ಶಾಲೆಗೆ ಹೋಗಬಹುದು. ಫೀ ತುಂಬಿ ಬಂದ ದಿನ ಅಪ್ಪ ಹೇಳಿದ್ದು ಇಷ್ಟೇ: "ಇದ ಕಡೀದು ನೋಡವ್ವಾ. ಈ ಸಲ ಆಗಲಿಲ್ಲಂದ್ರ ಪುಸ್ತಕ ಅಟ್ಟಕ್ಕ."

ಎಲ್ಲಿ ಸೋಲುತ್ತಿದ್ದೇನೆ ಎಂದು ದಿನಚರಿಯಲ್ಲಿ ಗುರುತು ಹಾಕುತ್ತ ಬಂದಿದ್ದೆ. ಪದ್ಯ ಬಾಯಿಗೆ ಬರುತ್ತಿತ್ತು, ಪತ್ರ ಬರೆಯಲು ಬರುತ್ತಿತ್ತು. ಬಾರದಿದ್ದುದು ಒಂದರ ಹಾಗೆ ಒಂದು ಇರುವ ಕ್ರಿಯಾಪದಗಳು. ಲುಕ್, ಸೀ, ವಾಚ್ ಮೂರಕ್ಕೂ ನನ್ನ ಹಳೆಯ ಗೈಡಿನಲ್ಲಿ 'ನೋಡು' ಎಂದಿತ್ತು. ಹಿಯರ್, ಲಿಸನ್ ಎರಡಕ್ಕೂ 'ಕೇಳು'. ಸೇ, ಟೆಲ್ ಎರಡಕ್ಕೂ 'ಹೇಳು'. ಬಿಟ್ಟ ಸ್ಥಳದಲ್ಲಿ ಯಾವುದನ್ನು ತುಂಬಬೇಕೆಂದು ತಿಳಿಯದೆ ಕಣ್ಣು ಮುಚ್ಚಿ ಒಂದನ್ನು ಬರೆಯುತ್ತಿದ್ದೆ.

ಬಾಜೂ ಮನೆಗೆ ಹುಬ್ಬಳ್ಳಿಯಿಂದ ಹೊಸದಾಗಿ ಸೊಸೆ ಬಂದಿದ್ದಳು. ಪಿಯುಸಿ ಓದಿದವಳು. ಅತ್ತಿಗೆಯ ಲೆಕ್ಕದಲ್ಲಿ ನಾನು ವೈನಿ ಎಂದು ಕರೆಯುತ್ತಿದ್ದೆ. ಪಾಠ ಹೇಳಿಕೊಡ್ತೀರೇನ್ರಿ ಎಂದು ಕೇಳಿದ್ದು ವೈನಿಯನ್ನು, ಉತ್ತರ ಕೊಟ್ಟದ್ದು ಅವಳ ಅತ್ತೆ ದೊಡ್ಡವ್ವ.

"ಹೇಳಿಕೊಡ್ತಾಳ, ಯಾಕ ಕೊಡೂದಿಲ್ಲ? ಖರೆ ಮುಯ್ಯಾ ಹಿಡಿಯೂಣು. ನಮ್ಮ ಸೊಸಿ ಹೊಲದಾಗ ಕುಂತ್ರ ಏಳಾಕ ಬರೂದಿಲ್ಲ, ಎದ್ರ ಕುಂದ್ರಾಕ ಬರೂದಿಲ್ಲ. ಆಕಿ ಪಾಲಿನ ಹೆಸರುಕಾಯಿ ನೀ ಬಿಡಸು. ಮುಂದ ಜ್ವಾಳ ಬಿತ್ತುವಾಗ ಕೂರಗಿ ಹಿಂದ ಬೀಜ ಬಿಡಾಕನೂ ನೀನ. ನಿನಗ ಆಕಿ ಇಂಗ್ಲೀಷ ಬಿತ್ತಲಿ."

ನಮ್ಮ ಕಡೆ ಮುಯ್ಯಾಳಿಗೆ ಕೂಲಿ ಇಲ್ಲ. ಇವತ್ತು ನಾನು ನಿಮ್ಮ ಹೊಲಕ್ಕೆ ಬಂದರೆ ನಾಳೆ ನೀವು ನಮ್ಮ ಹೊಲಕ್ಕೆ ಬರಬೇಕು. ಒಪ್ಪಿಕೊಂಡ ಮೇಲೆ ತಪ್ಪಿಸುವಂತಿಲ್ಲ. ತಪ್ಪಿಸಿದ ಮನೆಗೆ ಮುಂದಿನ ಸುಗ್ಗಿಯಲ್ಲಿ ಯಾರೂ ಬರುವುದಿಲ್ಲ. ನಾನು ಹೂಂ ಎಂದೆ.

ಶ್ರಾವಣವಿಡೀ ಬೆನ್ನು ಬಗ್ಗಿಸಿ ಹೆಸರುಕಾಯಿ ಬಿಡಿಸಿದೆ. ನಮ್ಮ ಹೊಲದ್ದೂ ಇತ್ತು, ದೊಡ್ಡವ್ವನದೂ ಇತ್ತು. ಸಂಜೆ ಕೈಕಾಲು ತೊಳೆದು ವೈನಿಯ ಪಡಸಾಲೆಗೆ ಹೋಗಿ ಕೂತರೆ ಗೋಡೆಗೆ ತಲೆ ತಾಗಿದ ಕೂಡಲೇ ಕಣ್ಣು ಮುಚ್ಚುತ್ತಿತ್ತು. ಒಂದು ದಿನ ವೈನಿ ನನ್ನ ತೊಡೆ ಚಿವುಟಿದಳು.

"ನನ್ನ ಮಾತು ಕಿವ್ಯಾಗ ಬೀಳಾಕತ್ತೈತಿಲ್ಲೋ?"

"ಬೀಳಾಕತ್ತೈತ್ರಿ."

"ಅದು ಹಿಯರ್. ನನಗ ಬೇಕಾದ್ದು ಲಿಸನ್. ಅದನ್ನ ನೀ ಬಂದ ದಿನದಿಂದ ಮಾಡೇ ಇಲ್ಲ."

ನಗು ಬಂತು, ನಿದ್ದೆ ಹೋಗಲಿಲ್ಲ. ಆ ವಾರ ದಿನಚರಿಯಲ್ಲಿ ತಪ್ಪುಗಳನ್ನು ಎಣಿಸಿದೆ. ಪಾಠ ಶುರುವಾಗುವ ಮೊದಲು ಎಷ್ಟಿದ್ದವೋ ಅಷ್ಟೇ ಇದ್ದವು. ಪಾಠದ ಬದಲಿಗೆ ದುಡಿದೂ ದುಡಿದೂ ಪಾಠ ಕಲಿಯಲು ಮೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಮರುದಿನ ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕೇ ಬಂದಳು. ನನ್ನ ಪಕ್ಕದ ಸಾಲು ಹಿಡಿದು, ನಾನು ಹತ್ತು ಗಿಡ ದಾಟುವಷ್ಟರಲ್ಲಿ ಎರಡು ಗಿಡ ಬಿಡಿಸುತ್ತ, ಹಿಂದಿನಿಂದ ಕೂಗತೊಡಗಿದಳು.

"ಆ ಬದುವಿನ ಕಡೆ ಮುಖ ಮಾಡು. ಏನ ಮಾಡಿದಿ? ಲುಕ್. ಅಲ್ಲೇನ ಕಾಣಿಸ್ತು?"

"ನಿಮ್ಮ ಕರಾ ಕಾಣಿಸ್ತ್ರಿ."

"ಕಂಡಿದ್ದು ಸೀ. ಅದು ಹೆಸರಿಗೆ ಬಾಯಿ ಹಾಕ್ತದೇನು ಅಂತ ಕಣ್ಣ ಕೀಳದ ಕುಂದ್ರೂದು ವಾಚ್."

ಸಾಲಿನ ಹೆಂಗಸರೆಲ್ಲ ಕೈ ಬಿಟ್ಟು ನಕ್ಕರು. ದೊಡ್ಡವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಯಾಕ ಬೇ, ಒಂದ ಕರಾ ನೋಡಾಕ ಮೂರ ಮಾತು ಬೇಕೇನ ನಿಮ್ಮ ಇಂಗ್ಲೀಷಿಗೆ? ನೀವು ಮಾತ ಆರಿಸೂದ್ರಾಗ ಅದು ಅರ್ಧಾ ಹೊಲ ಮೇಯ್ತದ! ಓಡ್ರಿ!"

ವೈನಿ ಓಡಿದಳು, ಎಡವಿದಳು, ಕರು ಅಷ್ಟರಲ್ಲಿ ಒಂದು ಸಾಲು ತಿಂದಿತ್ತು. ಆದರೆ ಆ ಮೂರು ಪದಗಳು ನನಗೆ ಮತ್ತೆಂದೂ ಕಲಸಿಕೊಳ್ಳಲಿಲ್ಲ. ಹೀಗೇ ಉಳಿದವೂ ಒಂದೊಂದಾಗಿ ಬಂದವು. ಜರಡಿ ಇಸಕೊಂಡು ಹೋದವಳು ಬಾರೋ ಮಾಡಿದಳು, ಕೊಟ್ಟವಳು ಲೆಂಡ್ ಮಾಡಿದಳು. ನೀರಿನ ಕೊಡ ಇತ್ತ ಬಂದರೆ ಬ್ರಿಂಗ್, ಅತ್ತ ಹೋದರೆ ಟೇಕ್. ದಣಿವು ಕಡಿಮೆಯಾಗಲಿಲ್ಲ. ತಪ್ಪುಗಳ ಲೆಕ್ಕ ಮಾತ್ರ ವಾರದಿಂದ ವಾರಕ್ಕೆ ಇಳಿಯಿತು.

ಪರೀಕ್ಷೆಗೆ ಮೂರು ದಿನ ಇರುವಾಗ ದೊಡ್ಡ ಮಳೆ ಹೊಡೆಯಿತು. ಎರೆಮಣ್ಣು ಎರಡು ದಿನ ಕಾಲು ಇಡಗೊಡಲಿಲ್ಲ. ಮೂರನೆಯ ದಿನ ಸಂಜೆ ದೊಡ್ಡವ್ವ ಒಂದು ಮಣ್ಣಿನ ಹೆಂಟೆಯನ್ನು ಅಂಗೈಯಲ್ಲಿ ಪುಡಿ ಮಾಡುತ್ತ ನಮ್ಮ ಬಾಗಿಲಿಗೆ ಬಂದಳು.

"ಹದಾ ಬಂದೈತಿ. ನಾಳೆ ಮುಂಜಾನೆ ಕೂರಗಿ ಹೂಡ್ತೀವಿ. ಲಗೂನ ಬಾ."

"ದೊಡ್ಡವ್ವಾ, ನಾಳೆ ನನ್ನ ಪರೀಕ್ಷಾ ಐತಿ."

"ಪರೀಕ್ಷಾ ಬರೋ ವರ್ಷನೂ ಬರ್ತದ. ಹದಾ ನಾಡದಕ್ಕ ಇರೂದಿಲ್ಲ."

ಮಾತು ಕೊಟ್ಟಿದ್ದು ನಾನು. ನನ್ನ ಬದಲಿಗೆ ಅವ್ವ ಹೋಗೋಣವೆಂದರೆ ಅವಳಿಗೆ ಕೈ ನೋವು, ಬೀಜ ಬಿಡಲು ಆಗುತ್ತಿರಲಿಲ್ಲ. ನಾನು ಹೊಸ್ತಿಲ ಬಳಿ ಕೂತುಬಿಟ್ಟೆ. ಅಳಬೇಕು ಎನಿಸಲಿಲ್ಲ, ಮಲಗಬೇಕು ಎನಿಸಿತು.

ದೊಡ್ಡವ್ವನ ಬೆನ್ನ ಹಿಂದೆಯೇ ವೈನಿ ಬಂದು ನಿಂತಿದ್ದಳು. "ಅತ್ತೀ, ಈಕಿ ಬದಲಿ ನಾ ಬೀಜ ಬಿಡ್ತೀನ್ರಿ."

"ನೀನಾ? ನಿನಗ ಕೂರಗಿ ಬಟ್ಲಾ ಯಾವುದು, ಚಾದ ಬಟ್ಲಾ ಯಾವುದು ಗೊತ್ತೈತೇನ?"

"ಈಕಿ ನನ್ನ ಬದಲಿ ಇಷ್ಟ ದಿನ ಬಗ್ಗ್ಯಾಳ್ರಿ. ನಾ ಒಂದ ದಿನ ಬಗ್ಗಬಾರದೇನ್ರಿ?"

ದೊಡ್ಡವ್ವ ಹೆಂಟೆಯ ಪುಡಿಯನ್ನು ಕೈಯಿಂದ ಝಾಡಿಸಿ ಹೊರಟುಹೋದಳು. ಬೇಡ ಎನ್ನಲಿಲ್ಲ.

ಬೆಳಿಗ್ಗೆ ಕುಂದಗೋಳದ ಬಸ್ಸಿನ ಕಿಟಕಿಯಿಂದ ಅವರ ಹೊಲ ಕಂಡಿತು. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ವೈನಿ ಬಗ್ಗಿ ನಡೆಯುತ್ತಿದ್ದಳು. ಕೈ ಬಟ್ಟಲಿನ ಮೇಲೆ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಬೀಜ ಬಿಡುವ ಕೈ ನಿಲ್ಲಬಾರದು. ನಿಂತಷ್ಟು ದೂರ ನೆಲ ಬರಿದಾಗಿ ಉಳಿಯುತ್ತದೆ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗಲೂ ಆ ಕೈಯೇ ಕಣ್ಣ ಮುಂದಿತ್ತು. ಕಣ್ಣು ಮುಚ್ಚಿ ಮಾತ್ರ ಯಾವುದನ್ನೂ ಬರೆಯಲಿಲ್ಲ.

ವಾರದ ಮೇಲೆ ಜೋಳ ಹುಟ್ಟಿತು. ಊರಿನವರೆಲ್ಲ ಬದುವಿನ ಮೇಲೆ ನಿಂತು ನೋಡುವ ಹಾಗೆ ಹುಟ್ಟಿತು: ಒಂದಿಷ್ಟು ದಟ್ಟ, ಮುಂದೆ ಒಂದು ಮಾರು ಬರಿನೆಲ, ಮತ್ತೆ ದಟ್ಟ. ದೊಡ್ಡವ್ವ ಸೊಸೆಯನ್ನು ಬೈಯಲಿಲ್ಲ. ನನ್ನ ಸೆರಗಿಗೆ ಒಂದು ಬೊಗಸೆ ಬೀಜ ಸುರಿದಳು. "ಮುಯ್ಯಾ ಇನ್ನೂ ಮುಗದಿಲ್ಲ," ಎಂದಳು.

ನಾನೂ ವೈನಿಯೂ ಖಾಲಿ ಬಿದ್ದ ಕಡೆಯೆಲ್ಲ ಕುಳಿ ತೆಗೆದು ಒಂದೊಂದೇ ಕಾಳು ಊರಿದೆವು. ಕೂತಲ್ಲಿಂದ ಏಳಲು ಇಬ್ಬರಿಗೂ ಆಗುತ್ತಿರಲಿಲ್ಲ. ಒಬ್ಬರ ಭುಜ ಹಿಡಿದು ಒಬ್ಬರು ಏಳುತ್ತಿದ್ದೆವು. ಆ ದಿನಗಳಲ್ಲಿ ಇಂಗ್ಲಿಷಿನ ಒಂದು ಮಾತೂ ನಮ್ಮ ಬಾಯಿಂದ ಬರಲಿಲ್ಲ.

ಫಲಿತಾಂಶ ಬಂದಾಗ ಜೋಳ ಎದೆಯೆತ್ತರ ಇತ್ತು. ಪೇಪರಿನಲ್ಲಿ ನನ್ನ ನಂಬರು ಇದೆ ಎಂದು ಅಪ್ಪ ಹೊಲದವರೆಗೆ ನಡೆದು ಬಂದು ಹೇಳಿದ. ನನಗೆ ಕುಣಿಯಬೇಕು ಎನಿಸಲಿಲ್ಲ. ಸದ್ಯ, ಮತ್ತೆ ಕಟ್ಟಬೇಕಾಗಿಲ್ಲ ಎನಿಸಿತು. ವೈನಿ ನನ್ನ ಕೈ ಹಿಡಿದಳು.

ದೊಡ್ಡವ್ವ ಹೊಲದ ಕಡೆ ಕೈ ಮಾಡಿದಳು. ಆಮೇಲೆ ಊರಿದ ಜೋಳ ಉಳಿದದ್ದಕ್ಕಿಂತ ಒಂದು ಗೇಣು ಗಿಡ್ಡವಾಗಿ, ಅಲ್ಲಲ್ಲಿ ತಗ್ಗುತಗ್ಗಾಗಿ ಕಾಣುತ್ತಿತ್ತು.

"ಅಗೋ ನೋಡ, ನಿನ್ನ ಇಂಗ್ಲೀಷ. ಗಿಡ್ಡ ಆದ್ರೂ ತೆನಿ ಹಿಡದೈತಿ. ಸುಗ್ಗ್ಯಾಗ ಜ್ವಾಳ ಕೀಳಾಕ ಬಂದ ಹೋಗ ಮತ್ತ, ಅಕ್ಕೋರ."