ಅಂಕಿಗಳನ್ನಷ್ಟೇ ಓದಿದ ತಂತ್ರಾಂಶ

ಸಿಟ್ಟು ನನ್ನ ಹುಟ್ಟುಗುಣ, ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟಿದ್ದಾರೆ. ಆದರೆ ಆ ಸಲದ ಸಿಟ್ಟಿಗೆ ಕಾರಣಗಳಿದ್ದವು.

ಕಣ್ಣು ಕಾಣದವರಿಗೆ ಕನ್ನಡ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ನಾವು ಮೂವರು ನೋಡಿಕೊಳ್ಳುತ್ತೇವೆ. ಮೈಸೂರಿನಲ್ಲೊಬ್ಬರು, ಹುಬ್ಬಳ್ಳಿಯಲ್ಲೊಬ್ಬರು, ಚೆನ್ನೈಯಲ್ಲಿ ನಾನು. ಸಂಬಳವಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಶುರು ಮಾಡಿದ ಮಹಾನುಭಾವರು ಅದನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಎರಡನೆಯ ಆವೃತ್ತಿಯಲ್ಲಿ ಬರೆದರು, ಮದುವೆಯಾದರು, ಮಾಯವಾದರು. ಆ ಆವೃತ್ತಿಯನ್ನು ಹಡೆದವರೇ ಕೈಬಿಟ್ಟು ವರ್ಷಗಳಾದವು, ಹೊಸ ಕಂಪ್ಯೂಟರುಗಳಲ್ಲಿ ಅದು ಇರುವುದೇ ಇಲ್ಲ. ಮೂರನೆಯ ಆವೃತ್ತಿಗೆ ಬದಲಾಯಿಸದಿದ್ದರೆ ನಮ್ಮ ತಂತ್ರಾಂಶ ಒಂದೊಂದೇ ಮನೆಯಲ್ಲಿ ನಿಂತುಹೋಗುತ್ತಿತ್ತು.

ನಾನೇ ಕೂತೆ. ವಾರವಿಡೀ ಚೆನ್ನೈಯ ಗಿಂಡಿ ಬಡಾವಣೆಯ ಆಫೀಸಿನಲ್ಲಿ ಹೊಟ್ಟೆಪಾಡಿನ ಕೋಡು, ಭಾನುವಾರ ಈ ಬಿಟ್ಟಿ ಕೋಡು. ಇವತ್ತೂ ಅದೇನಾ ಎಂದು ಮಗಳು ತಮಿಳಿನಲ್ಲಿ ಗೊಣಗುತ್ತಿದ್ದಳು.

ನಮ್ಮಲ್ಲೊಂದು ನೇಮವಿದೆ. ಒಬ್ಬರು ಬದಲಾಯಿಸಿದ್ದನ್ನು ಉಳಿದಿಬ್ಬರು ನೋಡಿ ಒಪ್ಪಿದ ಮೇಲೇ ಬಿಡುಗಡೆ. ಐದು ವಾರ ಯಾರ ಸುಳಿವೂ ಇಲ್ಲ. ಆಮೇಲೆ ಮೈಸೂರಿನವರು ಎದ್ದು ಬಂದು, ನನ್ನ ಸಾಲುಗಳು ಉದ್ದವಾದವು, ಅಲ್ಲಲ್ಲಿ ಖಾಲಿ ಜಾಗ ಹೆಚ್ಚಾಯಿತು ಎಂದು ಹನ್ನೊಂದು ಟಿಪ್ಪಣಿ ಬರೆದರು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಹಾಗೆ. ಒಮ್ಮೆಯಾದರೂ ಓಡಿಸಿ ನೋಡಿದಿರಾ ಎಂದು ಕೇಳಿದ್ದಕ್ಕೆ ಇನ್ನೊಂದು ಟಿಪ್ಪಣಿ ಬರೆದರು, ಅದೂ ಖಾಲಿ ಜಾಗದ್ದೇ. ಹುಬ್ಬಳ್ಳಿಯವರು ಹೆಬ್ಬೆರಳಿನ ಚಿತ್ರ ಒತ್ತಿ ಒಪ್ಪಿಗೆ ಕೊಟ್ಟು ಕೈತೊಳೆದುಕೊಂಡರು. ತಂತ್ರಾಂಶ ಸರಿಯಿದೆಯೇ ಎಂದು ಕಂಪ್ಯೂಟರೇ ಓಡಿಸಿ ನೋಡುವ ನಮ್ಮ ಪರೀಕ್ಷೆಗಳೆಲ್ಲ ಪಾಸಾದವು, ನಾನು ಬಿಡುಗಡೆ ಮಾಡಿದೆ.

ಒಂದೂವರೆ ತಿಂಗಳ ನಂತರ ಗಿಂಡಿಯದೇ ಒಂದು ಕಂಪನಿಯಿಂದ ಮೇಲ್ ಬಂತು. ಹೊಸ ಆವೃತ್ತಿ ಪದಗಳನ್ನು ನುಂಗುತ್ತಿದೆ, ಶುಕ್ರವಾರದೊಳಗೆ ಸರಿಪಡಿಸತಕ್ಕದ್ದು. ಮೈ ಉರಿದುಹೋಯಿತು. ಇವರು ನಮ್ಮದನ್ನು ತಮ್ಮ ಮೊಬೈಲ್ ಆ್ಯಪಿನೊಳಗೆ ತುರುಕಿ ಮಾರುತ್ತಾರೆ, ಇವತ್ತಿನವರೆಗೆ ಒಂದು ಸಾಲು ತಿದ್ದಿ ಕಳಿಸಿದವರಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ. ಮೆಟ್ರೋ ಇಳಿದು ನಡೆಯುವಾಗ ದಿನಾ ಅವರ ಬೋರ್ಡು ಕಾಣುತ್ತದೆ. ಒಳಗೆ ನುಗ್ಗಿ ಬೈದು ಬರೋಣವೆನಿಸಿತು. ಅದರ ಬದಲು, ಅವರ ಮಾತು ಸುಳ್ಳೆಂದು ತೋರಿಸುವುದಕ್ಕೆ ಕನ್ನಡದ ಒಂದು ಪಾಠವನ್ನು ತಂತ್ರಾಂಶಕ್ಕೆ ಕೊಟ್ಟು ಕಿವಿಗೊಟ್ಟೆ.

ಸದ್ದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದು "ಹನ್ನೆರಡು" ಎಂದಿತು. ಮತ್ತೆ ಸುಮ್ಮನಾಗಿ, ಕೊನೆಗೆ "ನಾಲ್ಕು" ಎಂದಿತು.

ಕನ್ನಡ ಪುಸ್ತಕದ ನಡುವೆ ಬರುವ ಅಂಕಿಗಳನ್ನೂ ಇಂಗ್ಲಿಷ್ ಪದಗಳನ್ನೂ ಅದು ಓದುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಇದ್ದದ್ದು ಅವಷ್ಟೇ. ಕನ್ನಡ ಓದುವ ತಂತ್ರಾಂಶ, ನೋಡಿಕೊಳ್ಳುವ ಮೂವರೂ ಕನ್ನಡಿಗರು, ಪರೀಕ್ಷೆಗೆ ಮಾತ್ರ 'ಹಲೋ', 'ಗುಡ್ ಮಾರ್ನಿಂಗ್'. ಕೈಗೆ ಸುಲಭವಾಗಿ ಬರುವುದು ಅದು ತಾನೇ! ಅಕ್ಷರಗಳನ್ನು ಒಳಗೆ ಇಟ್ಟುಕೊಳ್ಳುವ ಕ್ರಮ ಪೈಥಾನಿನ ಹೊಸ ಆವೃತ್ತಿಯಲ್ಲಿ ಬದಲಾಗಿದೆ. ಇಂಗ್ಲಿಷಿಗೆ ಅದರ ಬಿಸಿ ತಟ್ಟುವುದಿಲ್ಲ, ಕನ್ನಡಕ್ಕೆ ತಟ್ಟುತ್ತದೆ. ಸಾಲದ್ದಕ್ಕೆ, ಪದವೊಂದನ್ನು ಓದಲಾಗದಿದ್ದರೆ ದೂರು ಹೇಳದೆ ಮುಂದಕ್ಕೆ ಹೋಗು ಎಂದು ಯಾವನೋ ಪುಣ್ಯಾತ್ಮ ಹಿಂದೆಯೇ ಬರೆದಿಟ್ಟಿದ್ದ.

ಬೇರೆ ಯಾರಾದರೂ ಇದನ್ನು ಹೇಳಿದ್ದರೋ ಎಂದು ಹಳೆಯ ಮೇಲ್‌ಗಳನ್ನು ಕೆದಕಿದೆ. ಒಂದು ಸಿಕ್ಕಿತು. ಇದೇ ಚೆನ್ನೈಯ ಪಲ್ಲಾವರಂನ ಹೆಂಗಸು, ನಿವೃತ್ತ ಟೆಲಿಫೋನ್ ಆಪರೇಟರ್, ಕಣ್ಣು ಕಾಣುವುದಿಲ್ಲ. ಅರವತ್ತಾರನೆಯ ವಯಸ್ಸಿನಲ್ಲಿ ಅಂಚೆಯ ಮೂಲಕ ಕನ್ನಡ ಎಂ.ಎ. ಕಟ್ಟಿದ್ದರು. ಅಂಕಿಗಳು ಮಾತ್ರ ಕೇಳಿಸುತ್ತಿವೆ, ಪರೀಕ್ಷೆಗೆ ಇನ್ನು ನಾಲ್ಕು ವಾರವಿದೆ, ತಾನೇನಾದರೂ ತಪ್ಪು ಒತ್ತಿದೆನೋ ಎಂದು ಬಹಳ ಸಂಕೋಚದಿಂದ ಇಂಗ್ಲಿಷಿನಲ್ಲಿ ಕೇಳಿದ್ದರು. ಕೆಳಗೆ ನನ್ನ ಉತ್ತರವಿತ್ತು. ಇದು ಸ್ವಯಂಸೇವಕರು ಉಚಿತವಾಗಿ ಮಾಡುವ ಕೆಲಸ, ಬೇಡಿಕೆ ಇಡುವ ಹಕ್ಕು ಯಾರಿಗೂ ಇಲ್ಲ, ಬೇಕಿದ್ದರೆ ನೀವೇ ತಿದ್ದಿಕೊಳ್ಳಿ. ಕಂಪನಿಯವರಂಥವರಿಗೆಂದು ಒಮ್ಮೆ ಕೋಪದಲ್ಲಿ ಬರೆದಿಟ್ಟುಕೊಂಡ ಸಾಲುಗಳವು. ಆಮೇಲೆ ಬಂದವರಿಗೆಲ್ಲ, ಓದುವ ಗೋಜಿಗೂ ಹೋಗದೆ, ಅದನ್ನೇ ಅಂಟಿಸಿ ಕಳಿಸುತ್ತಿದ್ದೆ.

ಅವರ ಪರೀಕ್ಷೆ ಮುಗಿದು ಹದಿನೈದು ದಿನವಾಗಿತ್ತು.

ತಿದ್ದುವುದಕ್ಕೆ ಬೇಕಾದದ್ದು ಹದಿನಾಲ್ಕು ಸಾಲು. ಮೇಲ್‌ನ ಅಡಿಯಲ್ಲಿ ವಿಳಾಸ, ಫೋನ್ ನಂಬರು ಇತ್ತು. ಫೋನ್ ಮಾಡಿ ಬರಲೇ ಎಂದು ಕೇಳಿಕೊಂಡು, ಶುಕ್ರವಾರ ರಜೆ ಹಾಕಿ, ಪಲ್ಲಾವರಂನ ವಾರದ ಸಂತೆಯ ನೂಕುನುಗ್ಗಲು ದಾಟಿ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಮೈಸೂರಿನವರನ್ನೂ ಹುಬ್ಬಳ್ಳಿಯವರನ್ನೂ ಮನಸ್ಸಿನಲ್ಲೇ ಬೈದೆ, ನನ್ನನ್ನು ಅವರಿಬ್ಬರಿಗಿಂತ ಹೆಚ್ಚು.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೊಮ್ಮೆ ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

"ನೀವು ಬರ್ದಿದ್ದು ನ್ಯಾಯಾನೇ ಅಲ್ವಾಮ್ಮ. ಬಿಟ್ಟಿ ಮಾಡೋವ್ರನ್ನ ಎರಡನೇ ಸಲ ಕೇಳಕ್ಕೆ ನಂಗೇ ಒಂದು ಮಾದ್ರಿ ಸಂಕೋಚ ಆಯ್ತು."

ತಪ್ಪು ತಮ್ಮ ಕಡೆಯದೇ ಇರಬೇಕೆಂದು ಇಡೀ ಪಠ್ಯಪುಸ್ತಕವನ್ನು ಬೆರಳಿನಿಂದ ಅಂಚು ಹುಡುಕುತ್ತ ಪುಟಪುಟವಾಗಿ ಮತ್ತೆ ಸ್ಕ್ಯಾನ್ ಮಾಡಿ ತಂತ್ರಾಂಶಕ್ಕೆ ಕೊಟ್ಟರಂತೆ. ಒಂದು ಸಲವಲ್ಲ, ಎರಡು ಸಲ. ಆಮೇಲೂ ಅಂಕಿಗಳೇ ಕೇಳಿಸಿದಾಗ, ಓದದೆ ಹೋಗಿ, ತಾವು ಹೇಳಿದ ಉತ್ತರ ಬರೆದುಕೊಡುವವರ ಪಕ್ಕ ಸುಮ್ಮನೆ ಕೂರುವುದು ಬೇಡವೆಂದು ಪರೀಕ್ಷೆಗೇ ಹೋಗಲಿಲ್ಲ.

ಹೊಸದನ್ನು ಹಾಕಿಕೊಟ್ಟೆ. ಪಾಠ ಮೊದಲಿನಿಂದ ಕೇಳಿಸತೊಡಗಿತು. ಅವರು ವೇಗ ಹೆಚ್ಚಿಸಿಕೊಂಡು, ತಲೆ ಬಾಗಿಸಿ ಎರಡು ಪುಟ ಕೇಳಿದರು. ನಾನು ಕ್ಷಮೆ ಕೇಳಿದೆ. ಪರವಾಯಿಲ್ಲೆಮ್ಮ, ಮುಂದಿನ ವರ್ಷ ಬರೀತೀನಿ ಎಂದರು. ನಂತರ ಓದು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಇನ್ನೊಂದ್ಸಲ ಬದಲಾಯಿಸೋವಾಗ ಮೊದ್ಲು ನಂಗೆ ಕಳ್ಸಿ. ನಾನು ಕೇಳಿ ನೋಡ್ತೀನಿ. ನಿಮ್ಮಲ್ಲಿ ಯಾರೂ ಕೇಳಿ ನೋಡಲ್ಲ ಅನ್ಸತ್ತೆ."

ಅದರಲ್ಲಿ ಕೊಂಕೇನೂ ಇರಲಿಲ್ಲ. ಬಿಡುಗಡೆಗೆ ಮೊದಲು ಒಪ್ಪಬೇಕಾದವರ ಪಟ್ಟಿಗೆ ಅಲ್ಲೇ ಕೂತು ಅವರ ಹೆಸರನ್ನೂ ಸೇರಿಸಿದೆ.