ಕುಂಕುಮ ಹಚ್ಚಿದ ಕ್ಯೂಆರ್ ಕೋಡ್

ವಿಮಾನ ನಿಲ್ದಾಣಕ್ಕೆ ಹೊರಟ ಅಕ್ಕನೂ ನಾನೂ ಶಿಡ್ಲಘಟ್ಟದ ಟೀ ಅಂಗಡಿಯಲ್ಲಿ ಕುಳಿತಿದ್ದೇವೆ. ಸಿಂಗಪುರದಲ್ಲಿ ಇಂಟರ್ನೆಟ್ ಸಿಗಲೆಂದು ಒಂದು ಕಂಪನಿಯ ಇ-ಸಿಮ್ ಕೊಂಡಿದ್ದೆ. ಅದಿಲ್ಲದೆ ಅಲ್ಲಿ ಹೋಟೆಲಿನ ದಾರಿಯೂ ಗೊತ್ತಾಗದು. ಫೋನಿನಲ್ಲಿ ಅದನ್ನು ಚಾಲೂ ಮಾಡಲು ಅವರು ಕಳಿಸಿದ ಕ್ಯೂಆರ್ ಕೋಡನ್ನು ಪ್ರಿಂಟ್ ಹಾಕಿಸಿ ತಂದಿದ್ದೆ. ಈಗ ಎಷ್ಟು ಸಲ ಹಿಡಿದರೂ ಫೋನು ಅದನ್ನು ಓದುತ್ತಿಲ್ಲ. ನೋಡಿದರೆ ಕೋಡಿನ ನಾಲ್ಕೂ ಮೂಲೆಗೆ ಕುಂಕುಮ ಮೆತ್ತಿದೆ.

"ಪಾಸ್‌ಪೋರ್ಟ್ ಜೊತೆ ದೇವರ ಮುಂದೆ ಇಟ್ಟಿದ್ದೆ ಕಣೋ. ಲಗ್ನಪತ್ರಿಕೆಗೆ ಹಚ್ಚಲ್ವಾ, ಹಂಗೇ ಹಚ್ಚಿದೆ," ಅಂದಳು ಅಕ್ಕ.

ಒರೆಸಲು ಕರವಸ್ತ್ರ ತೆಗೆದೆ.

"ಹೊರಟ್ಮೇಲೆ ಒರೆಸಬಾರ್ದಪ್ಪ."

ಹೊಸ ಕೋಡ್ ಕೇಳಿ ಕಂಪನಿಗೆ ಬರೆದೆ. ಪರದೆಯ ಮೇಲೆ ಪ್ರಶ್ನೆ ಮೂಡಿತು: ನಿಮ್ಮ ಕೋಡ್ ಹಾಳಾಗಿದೆಯೇ? ಕೆಳಗೆ ಎರಡೇ ಗುಂಡಿ, ಹೌದು ಮತ್ತು ಇಲ್ಲ.

ಅಕ್ಕ ನನ್ನ ಬೆರಳನ್ನೇ ನೋಡುತ್ತಿದ್ದಾಳೆ.